ಹನ್ನೊಂದು ಕೂಪನ್ನು, ಒಂದು ಕುಬಸ

ಮೊನ್ನೆ ಬ್ಯಾಂಕಿನಲ್ಲಿ ಪಾಸ್‌ಬುಕ್ಕು ತೆಗೆಯಲೆಂದು ಚೀಲದೊಳಗೆ ಕೈ ಹಾಕಿದೆ. ಪಾಸ್‌ಬುಕ್ಕಿನ ಜೊತೆಗೆ ಒಂದು ಹಿಡಿ ಕಾಗದದ ಚೂರುಗಳೂ ಹೊರಬಂದು ಕೌಂಟರಿನ ತುಂಬ ಹರಡಿಕೊಂಡವು. ಚಹಾಪುಡಿಯ ಮೇಲೆ ರಿಯಾಯಿತಿ, ಪಾತ್ರೆ ತೊಳೆಯುವ ಸಾಬೂನಿಗೆ ಸ್ಪಂಜು ಉಚಿತ, ಎರಡು ಕಿಲೋ ರವೆಗೆ ಒಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಕುಳಿತಿದ್ದ ಹೆಣ್ಣುಮಗಳು ಒಂದನ್ನೆತ್ತಿ ಪೂರ್ತಿ ಓದಿ, ಬಹಳ ವಿನಯದಿಂದ, "ಕಾಕೂ, ಹೇ ಇಥೇ ಚಾಲತ ನಾಹೀ," ಎಂದಳು. ಇಲ್ಲಿ ಇವು ನಡೆಯುವುದಿಲ್ಲವಂತೆ. ಹಿಂದೆ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಚೂರುಗಳನ್ನು ಮಾತ್ರ ಒಂದೂ ಬಿಡದೆ ಆರಿಸಿಕೊಂಡೆ.

ಹೌದು, ನಾನು ಕೂಪನ್ ಕತ್ತರಿಸುವ ಹೆಂಗಸು. ಇದನ್ನು ಮುಚ್ಚಿಡುವ ವಯಸ್ಸು ದಾಟಿ ಹೋಗಿದೆ. ಪುಣೆಯ ಬಿಬವೇವಾಡಿಯ ನಮ್ಮ ಕಟ್ಟಡದಲ್ಲಿ ಬೆಳಗಿನ ಪೇಪರಿನ ಮೊದಲ ಪುಟವನ್ನು ನಮ್ಮ ಮನೆಯವರು ಓದುತ್ತಾರೆ. ಪೇಪರಿನೊಳಗಿಂದ ಜಾರಿ ಬೀಳುವ ಬಣ್ಣದ ಹಾಳೆಗಳನ್ನು ನಾನು ಓದುತ್ತೇನೆ. ಯಾರ ಓದಿನಿಂದ ಈ ಸಂಸಾರಕ್ಕೆ ಹೆಚ್ಚು ಲಾಭವಾಗಿದೆ ಎನ್ನುವ ಜಗಳ ಮೂವತ್ತು ವರ್ಷಗಳಿಂದ ಇತ್ಯರ್ಥವಾಗದೆ ಉಳಿದಿದೆ.

ತಮಾಷೆಯೆಂದರೆ, ಸಣ್ಣವಳಿದ್ದಾಗ ಇಂಥ ಹೆಂಗಸು ನಾನಾಗಬಾರದು ಎಂದು ಆಣೆ ಮಾಡಿಕೊಂಡಿದ್ದೆ. ವಿಜಯಪುರದಲ್ಲಿ ನಮ್ಮ ಅವ್ವ ಎಣ್ಣೆಯ ಪಾಕೀಟು ಖಾಲಿಯಾದ ಮೇಲೆ ಅದನ್ನು ಸೀಳಿ, ಒಳಮೈಯನ್ನು ಬಿಸಿ ರೊಟ್ಟಿಯ ಮೇಲೆ ತಿಕ್ಕಿ, ಆಮೇಲೆ ಒಲೆಗೆ ಹಾಕುತ್ತಿದ್ದಳು. ಕಿರಾಣಿ ಪೊಟ್ಟಣದ ದಾರವನ್ನು ಬಿಚ್ಚಿ ಉಂಡೆ ಸುತ್ತುತ್ತಿದ್ದಳು. ಮೈಸಾಬೂನು ಉಗುರಿನಷ್ಟಾದಾಗ ಹೊಸದರ ಬೆನ್ನಿಗೆ ಅಂಟಿಸುತ್ತಿದ್ದಳು. ನಮ್ಮ ಮನೆಯ ಸಾಬೂನುಗಳೆಲ್ಲ ಹೀಗೆ ಕೂಸನ್ನು ಹೊತ್ತ ಹೆಂಗಸರಂತೆಯೇ ಇರುತ್ತಿದ್ದವು. ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಕೊಸರು. ಸಂತೆಯಲ್ಲಿ ತೂಗಿ ಕೊಟ್ಟ ಮೇಲೆ ಇನ್ನೊಂದು ಹಿಡಿ ಹಾಕಿಸಿಕೊಳ್ಳುವುದು. ಅವ್ವ ಅದಕ್ಕೆ ನನ್ನನ್ನೇ ಮುಂದೆ ದೂಡುತ್ತಿದ್ದಳು. "ಕೇಳು, ಸಣ್ಣ ಹುಡುಗಿ ಕೇಳಿದ್ರ ಇಲ್ಲ ಅನ್ನೂದಿಲ್ಲ." ಅಷ್ಟರಲ್ಲಿ ನಮ್ಮ ಶಾಲೆಯ ಟೀಚರು ಯಾವುದೋ ಮೂಲೆಯಿಂದ ಬಂದು ಅಲ್ಲಿಯೇ ನಿಂತಿರುತ್ತಿದ್ದರು. ಬದನೆಕಾಯಿಯ ರಾಶಿಯೊಳಗೆ ಮುಖ ಹುದುಗಿಸಿ, "ಕೊಸರು ಹಾಕ್ರಿ," ಎಂದು ಬದನೆಕಾಯಿಗೇ ಹೇಳಿ ಓಡಿಬರುತ್ತಿದ್ದೆ.

ಆ ಹುಡುಗಿ ಮದುವೆಯಾಗಿ ಪುಣೆಗೆ ಬಂದು ಮೊದಲು ಕಲಿತ ಮರಾಠಿ ವಾಕ್ಯ ಯಾವುದು ಗೊತ್ತೇ? "ಭಾವೂ, ಥೋಡೀ ಕೋಥಿಂಬೀರ ಟಾಕಾ ನಾ." ಅಣ್ಣಾ, ಸ್ವಲ್ಪ ಕೊತ್ತಂಬರಿ ಹಾಕಿ. ಅದೇ ಕೊಸರು, ಭಾಷೆ ಬೇರೆ.

ಕೂಪನ್ನಿನ ಗೀಳು ಆಮೇಲೆ ಹತ್ತಿತು. ಹತ್ತಿದ ಮೇಲೆ ಬುದ್ಧಿ ನೆಟ್ಟಗಿತ್ತು ಎಂದು ಹೇಳಲಾರೆ. ಒಮ್ಮೆ ಎರಡು ಕೊಂಡರೆ ಎರಡು ಉಚಿತ ಎಂದು ಐದೈದು ಲೀಟರಿನ ಫಿನಾಯಿಲ್ ಡಬ್ಬಿಗಳನ್ನು ರಿಕ್ಷಾದಲ್ಲಿ ಹೇರಿಕೊಂಡು ಬಂದೆ. ಎರಡು ವರ್ಷ ನಮ್ಮ ಮನೆ ಹೆರಿಗೆ ಆಸ್ಪತ್ರೆಯಂತೆ ನಾರುತ್ತಿತ್ತು. ಇನ್ನೊಮ್ಮೆ ಪಾಸ್ತಾ. ನಮ್ಮಲ್ಲಿ ಅದನ್ನು ಯಾರೂ ತಿನ್ನುವುದಿಲ್ಲ. ಅಷ್ಟು ಅಗ್ಗವಾಗಿ ಸಿಕ್ಕಿದ್ದನ್ನು ಬಿಡುವುದು ಹೇಗೆಂದು ತಂದು ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು ಉಪ್ಪಿಟ್ಟು ಮಾಡಿದೆ. ನಮ್ಮ ಮನೆಯವರು ಒಂದು ಕೊಳವೆಯನ್ನು ಎತ್ತಿ ಅದರ ತೂತಿನಿಂದ ನನ್ನನ್ನೇ ನೋಡುತ್ತ, "ಉಳಸಿದ್ದು ಕಾಣಸ್ತದ," ಎಂದರು.

ಈ ಎಲ್ಲ ಹೀನಾಯವನ್ನು ಒಂದೇ ಭಾನುವಾರ ತೊಳೆದುಹಾಕಿತು. ಅದನ್ನು ಹೇಳಲೆಂದೇ ಕುಳಿತೆ, ಫಿನಾಯಿಲಿನಲ್ಲಿ ಜಾರಿದೆ.

ನಮ್ಮ ಮನೆಗೆಲಸಕ್ಕೆ ಬರುವ ಮಲ್ಲಮ್ಮ ಯಾದಗಿರಿ ಕಡೆಯವಳು. ಗಂಡ ಶರಣಪ್ಪ ಕಟ್ಟಡದ ಕೆಲಸ ಮಾಡುತ್ತಾನೆ. ನಮ್ಮ ರಸ್ತೆಯ ತುದಿಯಲ್ಲಿ ಏಳುತ್ತಿರುವ ಎತ್ತರದ ಕಟ್ಟಡದ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಅವರ ಕಡೆಯ ಇಪ್ಪತ್ತು ಸಂಸಾರಗಳಿವೆ. ಒಂದು ದಿನ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಏನಾತವಾ?" ಎಂದೆ.

"ರೇಣುಕಾಗ ಏಳರಾಗ ಬಿದ್ದಾದ್ರಿ ಅಕ್ಕಾರ. ಮುಂದಿನ ಶುಕ್ರವಾರ ಕುಬಸ ಇಟಗೊಂಡೀವಿ."

ಕುಬಸವೆಂದರೆ ನಮ್ಮ ಕಡೆಯ ಸೀಮಂತ. ರೇಣುಕಾ ಅವಳ ಒಬ್ಬಳೇ ಮಗಳು, ಇದು ಚೊಚ್ಚಲು. ಸಂತೋಷದ ಸುದ್ದಿಗೆ ಈ ಮುಖವೇಕೆ ಎಂದು ಕೇಳಿದೆ.

"ಸೈಟಿನ ಕೆಲಸ ಎರಡು ತಿಂಗಳ ನಿಂತಿತ್ತಲ್ರಿ. ಊರಿಗೆ ಹೋಗಿ ಮಾಡಬೇಕಂದ್ರ ಎಲ್ಲಾರ ಬಸ್ಸಿನ ಖರ್ಚೇ ಊಟದಕಿಂತ ಹೆಚ್ಚಾಗ್ತದ. ಇಲ್ಲೇ ಮಾಡೋಣಂದ್ರ ಬೀಗರು ಸಾಸವಡದಿಂದ ಬರ್ತಾರ. ಅರವತ್ತು ಮಂದಿ ಆಗ್ತದ. ಹೋಳಿಗಿ ಇಲ್ಲದ ಕುಬಸ ಮಾಡಿದ್ರ ನಾಳೆ ಮಗಳು ಆ ಮನ್ಯಾಗ ತಲಿ ಎತ್ತಬೇಕಲ್ರಿ? ಅವಲಕ್ಕಿ, ಚಹಾ ಕೊಟ್ಟು ಕಳಸಾದು ಆಗ್ಯಾದ ನೋಡ್ರಿ."

"ಹೋಳಿಗಿ ಸಾಮಾನು ನಾ ಕೊಡಸ್ತೀನಿ ತಗೋ," ಎಂದುಬಿಟ್ಟೆ.

ಮಲ್ಲಮ್ಮ ನಲ್ಲಿ ಮತ್ತೆ ಬಿಟ್ಟಳು. "ಬ್ಯಾಡ್ರಿ. ಮಗಳ ಕುಬಸ ತಾಯಿ ಮಾಡ್ಬೇಕು. ಬ್ಯಾರೇದವ್ರ ರೊಕ್ಕದಾಗ ಮಾಡಿದ್ರ ಅದು ನಂದು ಹ್ಯಾಂಗ ಆಗ್ತದ?"

ಮರುದಿನ ಬೆಳಗ್ಗೆ ಪೇಪರಿನಿಂದ ಆ ಹಾಳೆ ಜಾರಿ ಬಿತ್ತು. ನಮ್ಮ ಬಡಾವಣೆಯ ದೊಡ್ಡ ಅಂಗಡಿಯ ವಾರ್ಷಿಕೋತ್ಸವ. ಎರಡು ಲೀಟರ್ ಎಣ್ಣೆ ಕೊಂಡರೆ ಅರ್ಧ ಕಿಲೋ ಕಡಲೆಬೇಳೆ, ಅರ್ಧ ಕಿಲೋ ಬೆಲ್ಲ ಉಚಿತ. ಕೂಪನ್ನು ಕತ್ತರಿಸಿ ತರಬೇಕು. ಒಬ್ಬರಿಗೆ ಒಂದೇ. ಭಾನುವಾರ ಮಧ್ಯಾಹ್ನ ಹನ್ನೆರಡರವರೆಗೆ ಮಾತ್ರ. ಕಡಲೆಬೇಳೆ, ಬೆಲ್ಲ! ಹಾಳೆಯ ಮೇಲೆ ಹೋಳಿಗೆಯೇ ಬರೆದಂತಿತ್ತು. ಮಲ್ಲಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಕಾಯಲಿಲ್ಲ.

"ಮಲ್ಲಮ್ಮಾ, ನಿಮ್ಮ ಶೆಡ್ಡಿನ ಹೆಣ್ಣುಮಕ್ಕಳು ತಿಂಗಳಿಗೆ ಎಷ್ಟು ಎಣ್ಣಿ ಒಯ್ತಾರ?"

"ಒಂದೊಂದು ಮನಿಗೆ ಎರಡು ಲೀಟರ್ ಆಗ್ತದ್ರಿ. ಅರ್ಧರ್ಧ ಲೀಟರ್ ತರ್ತಾರ. ಯಾಕ್ರಿ?"

"ಈ ತಿಂಗಳದ್ದು ಒಂದೇ ಸಲಕ್ಕ ತಗೊಳ್ಳಲಿ. ತಮ್ಮ ಎಣ್ಣಿ ತಾವು ಒಯ್ಲಿ. ಮ್ಯಾಲ ಬಂದ ಬ್ಯಾಳಿ, ಬೆಲ್ಲ ರೇಣುಕಾನ ಉಡಿಗೆ ಹಾಕಲಿ. ಇದ್ರಾಗ ಯಾರ ರೊಕ್ಕ ಅದ ಹೇಳು?"

ಅವಳು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಓದು ಬಾರದು, ಆದರೆ ಬೆಲ್ಲದ ಚಿತ್ರವಿತ್ತು. "ಅಂಗಡಿಯವಂದು," ಎಂದಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಎಷ್ಟು ಕೂಪನ್ನು ಸಿಕ್ಕರೆ ಅಷ್ಟು. ನನ್ನದೊಂದು ಕೈಯಲ್ಲಿತ್ತು. ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಇಳಿದು, ಮನೆಮನೆಯ ಕಸದ ಬುಟ್ಟಿಯಿಂದ ನಾಲ್ಕು ಬಿಡಿಸಿಕೊಂಡೆ. ಒಂದಕ್ಕೆ ಹಲ್ವದ ಎಣ್ಣೆ ಹತ್ತಿತ್ತು, ಒರೆಸಿದೆ. ಮಿಕ್ಕದ್ದಕ್ಕೆ ರದ್ದಿ ಅಂಗಡಿಗೆ ಹೋದೆ. ಹಳೆ ಪೇಪರಿನ ರಾಶಿಯ ಮೇಲೆ ಕುಳಿತು ನಾನು ಹಾಳೆ ತಿರುವುತ್ತಿದ್ದುದನ್ನು ಕಂಡು ರದ್ದಿಯವನು, ಮಗನ ಮಾರ್ಕ್ಸ್‌ಕಾರ್ಡ್ ಕಳೆದುಹೋಯಿತೇ ಎಂದು ಮರುಗಿದ. ಕೂಪನ್ನೆಂದು ತಿಳಿದ ಮೇಲೆ ಮರುಕ ಹೋಗಿ ಉತ್ಸಾಹ ಬಂತು. ಅವನೂ ರಾಶಿಗೆ ಕೈ ಹಾಕಿದ. ಆರು ಸಿಕ್ಕವು. ಒಟ್ಟು ಹನ್ನೊಂದು. ಐದೂವರೆ ಕಿಲೋ ಬೇಳೆ, ಐದೂವರೆ ಕಿಲೋ ಬೆಲ್ಲ. ಅರವತ್ತು ಮಂದಿಗೆ ತಲೆಗೆ ಮೂರು ಹೋಳಿಗೆ ಧಾರಾಳ.

ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ನಾವು ಹನ್ನೊಂದು ಹೆಂಗಸರು ಅಂಗಡಿಯ ಮುಂದೆ ನಿಂತೆವು. ಮಲ್ಲಮ್ಮ, ನಾನು, ಶೆಡ್ಡಿನ ಒಂಬತ್ತು ಜನ. ಎಲ್ಲರೂ ತಲೆಗೆ ಎಣ್ಣೆ ಹಚ್ಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ದಿನಾ ಅದರ ಮುಂದೆಯೇ ಓಡಾಡುತ್ತಿದ್ದರೂ ಒಬ್ಬರೂ ಆ ಗಾಜಿನ ಬಾಗಿಲು ದಾಟಿರಲಿಲ್ಲ. ಕಾವಲಿನವನು ಅಡ್ಡ ಬಂದು, "ಕುಠೇ?" ಎಂದ. ಎಲ್ಲಿಗೆ? ನಾನು ಬಾಯಿ ತೆರೆಯುವಷ್ಟರಲ್ಲಿ ಮಲ್ಲಮ್ಮ ಕೂಪನ್ನನ್ನು ಅವನ ಮೂಗಿನ ಹತ್ತಿರ ಹಿಡಿದು, "ಕೂಪನ್ ಆಹೇ," ಎಂದಳು. ಪೊಲೀಸರು ತಮ್ಮ ಗುರುತಿನ ಚೀಟಿಯನ್ನೂ ಅಷ್ಟು ಗತ್ತಿನಿಂದ ತೋರಿಸುವುದಿಲ್ಲ. ಅವನು ಬಾಗಿಲು ಹಿಡಿದು ನಿಂತ.

ಎಣ್ಣೆ ಎತ್ತಿಕೊಂಡೆವು, ಸಾಲಿನಲ್ಲಿ ನಿಂತೆವು. ಮೊದಲು ನಾನು. ಕೌಂಟರಿನ ಹುಡುಗಿ ಕೂಪನ್ ತೆಗೆದುಕೊಂಡು, "ಮೊಬೈಲ್ ನಂಬರ್? ಓಟಿಪಿ ಯೇಯೀಲ," ಎಂದಳು. ನನ್ನ ಫೋನು ಟಿಂಗೆಂದಿತು. ಸಂಖ್ಯೆ ಹೇಳಿದೆ, ಬೇಳೆ ಬೆಲ್ಲ ಬಂದವು. ಮಲ್ಲಮ್ಮನ ಹತ್ತಿರವೂ ಫೋನಿತ್ತು, ಅವಳದೂ ಆಯಿತು. ಮೂರನೆಯವಳು ದೇವಮ್ಮ. "ಮೊಬೈಲು?" ಎಂದೆ.

"ಅವರ ಹತ್ರ ಅದರಿ. ಸೈಟಿನ ಮ್ಯಾಲ."

"ನಿಂದು?" ಎಂದು ನಾಲ್ಕನೆಯವಳನ್ನು ಕೇಳಿದೆ.

"ನಮ್ಮನಿಯವರ ಹತ್ರಾನೇ ರೀ."

ಎಲ್ಲರದೂ ಗಂಡಂದಿರ ಕಿಸೆಯಲ್ಲಿ! ಕೂಪನ್ನನ್ನು ತಿರುಗಿಸಿ ನೋಡಿದೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: ಒಂದು ಮೊಬೈಲ್ ನಂಬರಿಗೆ ಒಂದು ಕೂಪನ್. ಮೂವತ್ತು ವರ್ಷ ಕೂಪನ್ ಓದಿದ ಪಂಡಿತೆ ಆ ಕೊನೆಯ ಸಾಲನ್ನು ಓದಿರಲಿಲ್ಲ. ಹಿಂದೆ ಬ್ರೆಡ್ಡಿನ ಪಾಕೀಟು ಹಿಡಿದು ನಿಂತಿದ್ದ ಬಿಳಿಮೀಸೆಯ ಹಿರಿಯರೊಬ್ಬರು ಗಡಿಯಾರ ನೋಡಿ ಜೋರಾಗಿ ನಿಟ್ಟುಸಿರಿಟ್ಟರು. ಇಷ್ಟು ಜನರನ್ನು ಕರೆತಂದು ಬರಿಗೈಯಲ್ಲಿ ಕಳಿಸುವುದೇ?

ಮಲ್ಲಮ್ಮ ಆಗಲೇ ಗಂಡನಿಗೆ ಫೋನು ಹಚ್ಚಿದ್ದಳು. "ಎಲ್ಲಿದ್ದೀರಿ? ಎಂಟನೇ ಮಾಳಗಿ ಮ್ಯಾಲ? ಅಲ್ಲೇ ನಿಲ್ರಿ. ನಮ್ಮ ಮಂದೀನೆಲ್ಲ ಒಂದ ಕಡೆ ಕರೀರಿ. ಫೋನು ಟಿಂಗ್ ಅಂದವರು ನಂಬರ್ ಒದರ್ರಿ. ಯಾಕಂತ ಆಮ್ಯಾಗ ಹೇಳ್ತೀನಿ!"

ಫೋನನ್ನು ಕೌಂಟರಿನ ಮೇಲೆ ಜೋರಾಗಿ ಮಾತಾಡುವಂತೆ ಇಟ್ಟಳು. ಕಾಂಕ್ರೀಟು ಕಲೆಸುವ ಯಂತ್ರದ ಗಡಗಡ ಸದ್ದು ಅಂಗಡಿಯನ್ನೆಲ್ಲ ತುಂಬಿತು. ಯಾರೋ ಅದನ್ನು ನಿಲ್ಲಿಸಿದರು. ಗಂಡಂದಿರ ಮೊಬೈಲ್ ನಂಬರು ಹೆಂಗಸರಿಗೆ ಬಾಯಿಪಾಠವಿತ್ತು; ದೇವಮ್ಮ ತನ್ನವನದನ್ನು ಹುಡುಗಿಗೆ ಹೇಳಿದಳು. ಎಂಟನೆಯ ಮಹಡಿಯಿಂದ ದೇವಮ್ಮನ ಗಂಡನ ದನಿ ಇಳಿದು ಬಂತು.

"ನಾಕು! ಸೊನ್ನಿ! ಏಳು! ಎರಡು!"

"ಚಾರ, ಶೂನ್ಯ, ಸಾತ, ದೋನ," ಎಂದು ನಾನು ಮರಾಠಿಯಲ್ಲಿ ಹೇಳಿದೆ. ಹುಡುಗಿ ಒತ್ತಿದಳು. ಯಂತ್ರ ಒಪ್ಪಿತು. ಬೇಳೆ! ಬೆಲ್ಲ!

"ಮುಂದಿನವ್ರು ಬರ್ರಿ!" ಎಂದಳು ಮಲ್ಲಮ್ಮ.

ಆಮೇಲೆ ನಡೆದುದನ್ನು ಹೇಗೆ ಹೇಳಲಿ? ಒಬ್ಬೊಬ್ಬರ ನಂಬರಿಗೂ ಮೇಲಿನಿಂದ ಕೂಗು, ಇಲ್ಲಿ ನನ್ನ ತರ್ಜುಮೆ, ಅಲ್ಲಿ ಹುಡುಗಿಯ ಬೆರಳು. ಒಬ್ಬನ ಓಟಿಪಿ ಇನ್ನೊಬ್ಬ ಕೂಗಿದ. ಇನ್ನೊಬ್ಬ ಓಟಿಪಿಯ ಬದಲು ಸಂದೇಶವನ್ನೇ ಮೊದಲಿನಿಂದ ಅಕ್ಷರ ಕೂಡಿಸಿ ಓದತೊಡಗಿದ. "ನಂಬರಷ್ಟೇ ಓದೋ ನಮ್ಮಪ್ಪಾ!" ಎಂದು ಅವನ ಹೆಂಡತಿ ಕೌಂಟರಿಗೆ ಬಾಗಿ ಚೀರಿದಳು. ಮೊದಲು ಮುಖ ಗಂಟು ಹಾಕಿಕೊಂಡಿದ್ದ ಕೌಂಟರಿನ ಹುಡುಗಿ ಕುರ್ಚಿಯಿಂದ ಎದ್ದು ನಿಂತೇ ಒತ್ತುತ್ತಿದ್ದಳು. ಐದನೆಯದಕ್ಕೆ ಬರುವಷ್ಟರಲ್ಲಿ ನನ್ನ ತರ್ಜುಮೆಗೂ ಕಾಯಲಿಲ್ಲ. ಮೇಲಿನಿಂದ "ಎಂಟು, ಸೊನ್ನಿ, ಒಂದು, ಆರು" ಎಂದದ್ದೇ ತಡ, "ಆಠ, ಶೂನ್ಯ, ಏಕ, ಸಹಾ, ಬರೋಬರ?" ಎಂದು ನನ್ನತ್ತ ನೋಡಿದಳು. ಸರಿಯಾಗಿತ್ತು! ಹೆಂಗಸರೆಲ್ಲ ಬಳೆ ಝಣಗುಡಿಸಿ ಚಪ್ಪಾಳೆ ತಟ್ಟಿದರು. ಪಕ್ಕದ ಸಾಲಿನವರೂ ತಮ್ಮ ಬುಟ್ಟಿ ಬಿಟ್ಟು ನಮ್ಮ ಕಡೆ ತಿರುಗಿದರು. ಯಾರೋ ಎಣಿಸುತ್ತಿದ್ದರು: ಆಠ ಝಾಲೇ, ನವೂ ಝಾಲೇ. ಎಂಟಾಯಿತು, ಒಂಬತ್ತಾಯಿತು. ಹತ್ತೂ ಆಯಿತು.

ಕೊನೆಗೆ ನಿಂತವಳು ಗಂಗವ್ವ. ಎಪ್ಪತ್ತರ ಮುದುಕಿ. ಅವಳ ಹತ್ತಿರ ಫೋನಿಲ್ಲ, ಗಂಡನಿಲ್ಲ. ಮಗನ ಸಿಮ್ಮು ರೀಚಾರ್ಜಿಲ್ಲದೆ ಸತ್ತು ತಿಂಗಳಾಗಿತ್ತು. ಗಡಿಯಾರದಲ್ಲಿ ಹನ್ನೆರಡಕ್ಕೆ ನಾಲ್ಕು ನಿಮಿಷ.

"ಇರಲಿ ಬಿಡವ್ವಾ, ಹತ್ತು ಸಾಕು," ಎಂದಳು ಮಲ್ಲಮ್ಮ.

ಗಂಗವ್ವ ಎಣ್ಣೆಯ ಡಬ್ಬಿಯನ್ನು ಎದೆಗವಚಿಕೊಂಡು ಅಲ್ಲಾಡದೆ ನಿಂತಳು. "ಹ್ಯಾಂಗ ಸಾಕು? ರೇಣುಕಾ ಹುಟ್ಟಿದಾಗ ಹೊಕ್ಕಳಬಳ್ಳಿ ಕೊಯ್ದಾಕಿ ನಾನು. ಎಲ್ಲಾರ ಬೆಲ್ಲ ಬಂದು ನಂದೇ ಬರಲಿಲ್ಲಂದ್ರ?"

ಆಗ ಹಿಂದಿನಿಂದ ಬಿಳಿಮೀಸೆಯವರು, "ಕಾಯ ಮ್ಹಣತಾತ ಆಜೀ?" ಎಂದರು. ಅಜ್ಜಿ ಏನೆನ್ನುತ್ತಾರೆ? ಮರಾಠಿಯಲ್ಲಿ ಹೇಳಿದೆ. ಬಸಿರು ಹುಡುಗಿಯ ವಿಷಯವನ್ನೂ ಹೋಳಿಗೆಯ ವಿಷಯವನ್ನೂ ಸೇರಿಸಿದೆ. ಅವರು ಬ್ರೆಡ್ಡನ್ನು ಕಂಕುಳಿಗೆ ಸಿಕ್ಕಿಸಿ ಮುಂದೆ ಬಂದು ಹುಡುಗಿಗೆ, "ಮಾಝಾ ನಂಬರ ಟಾಕಾ," ಎಂದರು. ನನ್ನ ನಂಬರ್ ಹಾಕಿ! ಅವರ ಫೋನು ಟಿಂಗೆಂದಿತು. ಆದರೆ ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರು. ನನ್ನದನ್ನು ಕಿತ್ತು ಕೊಟ್ಟೆ. ಅದನ್ನು ಮೂಗಿಗೆ ಏರಿಸಿ, ಎಂಟನೆಯ ಮಹಡಿಯವರಂತೆಯೇ ದೊಡ್ಡ ದನಿಯಲ್ಲಿ ಕೂಗಿದರು: "ತೀನ! ತೀನ! ನವೂ! ಪಾಚ!"

ಯಂತ್ರ ಒಪ್ಪಿತು. ಅಂಗಡಿಯಲ್ಲಿ ಎದ್ದ ಗದ್ದಲ ಕೇಳಿ ಮೇಲಿನಿಂದ ಶರಣಪ್ಪ, "ಏನಾತು? ಯಾರರ ಬಿದ್ರೇನು?" ಎಂದು ಫೋನಿನಲ್ಲಿ ಒದರುತ್ತಿದ್ದ. ಗಂಗವ್ವ ಆ ಹಿರಿಯರ ಗಲ್ಲ ಸವರಿ ನೆಟಿಗೆ ಮುರಿದಳು. ಅವರು ನನ್ನ ಕನ್ನಡಕದೊಳಗಿಂದಲೇ ಕಣ್ಣು ಒರೆಸಿಕೊಂಡರು.

ಶುಕ್ರವಾರ ತಗಡಿನ ಶೆಡ್ಡುಗಳ ನಡುವಿನ ಬಯಲಿನಲ್ಲಿ ಸೀರೆಗಳ ಚಪ್ಪರ ಎದ್ದಿತ್ತು. ಹನ್ನೊಂದು ಮನೆಯ ಬೇಳೆ ಒಂದೇ ಹಂಡೆಯಲ್ಲಿ ಬೆಂದಿತ್ತು. ಬಸಿದ ಕಟ್ಟಿನಿಂದ ಸಾರು, ಹೂರಣದಿಂದ ಹೋಳಿಗೆ. ಆ ಬೇಳೆಯ ಒಂದು ಹನಿ ನೀರೂ ಚೆಲ್ಲಲಿಲ್ಲ. ಹಸಿರು ಸೀರೆ ಉಟ್ಟು, ಮೊಳಕೈವರೆಗೆ ಹಸಿರು ಬಳೆ ತೊಟ್ಟು ಕುಳಿತ ರೇಣುಕಾ ನಾಚಿ ತಲೆ ತಗ್ಗಿಸಿದ್ದಳು. ಹನ್ನೊಂದು ಜನ ಸಾಲಾಗಿ ಉಡಿ ತುಂಬಿದೆವು. ಸಾಸವಡದ ಬೀಗರು ಬಂದರು. ಅರವತ್ತೆಂದದ್ದು ಎಂಬತ್ತಾಯಿತು. ನನ್ನ ಲೆಕ್ಕದ ತಲೆ ಗಾಬರಿಯಾಗಿ, "ಮಲ್ಲಮ್ಮಾ, ತಲೀಗೆ ಎರಡರ ಮ್ಯಾಲ ಹಾಕಬ್ಯಾಡ," ಎಂದು ಕಿವಿಯಲ್ಲಿ ಹೇಳಿದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

ಬೀಗರು ಒಂದು ಡಬ್ಬಿ ಎಮ್ಮೆಯ ತುಪ್ಪ ತಂದಿದ್ದರು. ಮಲ್ಲಮ್ಮ ಅದನ್ನು ನನ್ನ ಕೈಗೆ ಕೊಟ್ಟಳು. "ನೀವ ಬಡಸ್ರಿ ಅಕ್ಕಾರ. ನಿಮ್ಮ ಕೈಯಾಗ ಆದ್ರ ಎಂಬತ್ತು ಮಂದಿಗೂ ಸಾಲ್ತದ."

ಇದು ಹೊಗಳಿಕೆಯೋ ಬೈಗಳೋ ತಿಳಿಯಲಿಲ್ಲ. ಚಮಚ ಹಿಡಿದು ಹೆಂಗಸರ ಪಂಕ್ತಿಗೆ ಬಂದೆ. ಮೊದಲ ಎಲೆ ರೇಣುಕಾಳದು. ಬಿಸಿ ಹೋಳಿಗೆ ಬಂಗಾರದ ಹಾಗೆ ಉಬ್ಬಿ ಕುಳಿತಿತ್ತು. ಅರ್ಧ ಚಮಚ ಹಾಕಬೇಕೆಂದವಳು ಒಂದು ಹಾಕಿದೆ, ಇನ್ನೊಂದು ಹಾಕಿದೆ. ಹುಡುಗಿ ಮುಖವೆತ್ತಿ ನಕ್ಕಳು. ಪಕ್ಕದಲ್ಲಿ ಅವಳ ಅತ್ತೆ, ಬಂದಾಗಿನಿಂದ ಮಾತಿಲ್ಲದೆ ಗಂಭೀರವಾಗಿ ಕುಳಿತವರು, ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು, "ಸಾಕ್ರಿ, ಸಾಕು," ಎಂದರು. ಬೆರಳ ಸಂದಿಯಲ್ಲಿಯೇ ಸುರಿದೆ. "ಅಯ್ಯ, ಇಕಿ ಯಾರ ಮನಿ ಹಿರಿಯಾಕಿ ಅದಾಳ!" ಎಂದು ಅವರು ಗಟ್ಟಿಯಾಗಿ ನಕ್ಕರು. ಆ ನಗು ಕೇಳಿದ ಮೇಲೆ ನನ್ನ ಕೈ ನನ್ನ ಹಿಡಿತದಲ್ಲಿರಲಿಲ್ಲ. ಚಮಚ ಬಿಟ್ಟು ಡಬ್ಬಿಯನ್ನೇ ಬಾಗಿಸಿದೆ. ಗಂಗವ್ವನ ಎಲೆಯಲ್ಲಿ ಹೋಳಿಗೆ ತೇಲಿತು. ಹೆಂಗಸರ ಪಂಕ್ತಿ ಮುಗಿದಾಗ ಡಬ್ಬಿಯ ತಳ ಕಂಡಿತು.

ಗಂಡಸರ ಪಂಕ್ತಿ ಇನ್ನೂ ಹಾಗೆಯೇ ಕುಳಿತಿತ್ತು. ಡಬ್ಬಿ ಹಿಡಿದು ಕಲ್ಲಿನಂತೆ ನಿಂತೆ. ಮಲ್ಲಮ್ಮ ಬಂದು ಇಣುಕಿ ನೋಡಿ, ನನ್ನ ಮುಖ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಏನಾತೀಗ? ಅವ್ರಿಗೆ ಹಾಲು ಹಾಕ್ರಿ. ಹೋಳಿಗಿಗೆ ಹಾಲೂ ನಡೀತದ."

ಹಾಲಿನ ತಂಬಿಗೆ ಹಿಡಿದು ಹೋದೆ. ಆ ಸಾಲಿನ ಮೊದಲ ಎಲೆಯ ಮುಂದೆ ಕುಳಿತವರು ನಮ್ಮ ಮನೆಯವರು. ಹಾಲು ನೋಡಿದರು, ಅತ್ತಲಿನ ಪಂಕ್ತಿಯಲ್ಲಿ ಹೊಳೆಯುತ್ತಿದ್ದ ತುಪ್ಪ ನೋಡಿದರು, ನನ್ನನ್ನು ನೋಡಿದರು.

"ಮೂವತ್ತು ವರ್ಷದಾಗ ಒಮ್ಮೆ ನಿನ್ನ ಕೈ ಸಡಲಾತು," ಎಂದರು, "ಅದೂ ನನ್ನ ಎಲಿ ಬರೂದ್ರಾಗ ಮುಗೀತು."